ಬಿಸ್ಕತ್ತಿನ ಮಡಿ

ನಮ್ಮ ಮನೆಯಲ್ಲಿ ಈಗ ಮೈಲಿಗೆಯವನಾಗಿ ಉಳಿದಿರುವುದು ನಾನೊಬ್ಬನೇ. ಮಗಳಿಗೆ ಗೋಧಿ ಆಗುವುದಿಲ್ಲ, ಸೀಲಿಯಾಕ್ ಕಾಯಿಲೆ. ಅವಳಿಗೆ ಜೊತೆಯಾಗಲೆಂದು ಹೆಂಡತಿ ತಾನೂ ಗೋಧಿ ಬಿಟ್ಟಳು. ಅವ್ವ ಮೊದಲಿನಿಂದಲೂ ಜೋಳದ ರೊಟ್ಟಿಯವಳು. ಧಾರವಾಡ ಬಿಟ್ಟು ಬೆಂಗಳೂರಿಗೆ ಬಂದ ಮೇಲೂ ಚಪಾತಿಯನ್ನು ಊಟವೆಂದು ಒಪ್ಪಿಕೊಂಡವಳಲ್ಲ. ಇನ್ನು ನಾನು. ಮಧ್ಯಾಹ್ನ ಆಫೀಸಿನ ಕ್ಯಾಂಟೀನಿನಲ್ಲಿ ಚಪಾತಿ, ಸಂಜೆ ಬಸ್ ಸ್ಟಾಪಿನ ಪಕ್ಕದ ಬೇಕರಿಯಲ್ಲಿ ಬಿಸಿ ಪಫ್ಸ್, ಸಂಬಳದ ವಾರವಾದರೆ ಅದರ ಮೇಲೊಂದು ದಿಲ್‌ಪಸಂದ್. ಇಷ್ಟೆಲ್ಲ ಪಾಪ ಮಾಡಿಕೊಂಡು ಬರುವವನನ್ನು ಬಾಗಿಲಲ್ಲೇ ತಡೆದು ನಿಲ್ಲಿಸುವ ಅಧಿಕಾರ ಅವ್ವನಿಗಿದೆ.

ಆ ಅಧಿಕಾರ ಕೊಟ್ಟವರು ಸ್ವತಃ ಡಾಕ್ಟರು. ಮಗುವಿನ ಪಾತ್ರೆ ಬೇರೆ ಇಡಿ, ಚಪಾತಿ ಲಟ್ಟಿಸಿದ ಮಣೆಯ ಮೇಲೆ ಅವಳ ರೊಟ್ಟಿ ಬೇಡ, ಪೂರಿ ಕರಿದ ಎಣ್ಣೆಯಲ್ಲಿ ಅವಳ ಹಪ್ಪಳ ಕರಿಯಬೇಡಿ, ಗೋಧಿ ಹಿಟ್ಟು ಮುಟ್ಟಿದ ಕೈಯನ್ನು ತೊಳೆಯದೆ ಅವಳ ಡಬ್ಬಿಗೆ ಹಾಕಬೇಡಿ ಎಂದು ಅವರು ಒಂದೊಂದಾಗಿ ಹೇಳುತ್ತಿದ್ದರೆ ನಾನೂ ಹೆಂಡತಿಯೂ ಬೆವರುತ್ತಿದ್ದೆವು. ಅವ್ವನ ಮುಖ ಮಾತ್ರ ಅರಳುತ್ತಾ ಹೋಯಿತು. "ಅಂದ್ರ ಮಡಿ ಅನ್ರಿ," ಅಂದಳು. ಡಾಕ್ಟರು ನಕ್ಕು "ಹೌದಮ್ಮ, ಹಾಗೇ ಅಂದುಕೊಳ್ಳಿ" ಅಂದುಬಿಟ್ಟರು. ಕಾಲೇಜಿನ ದಿನಗಳಲ್ಲಿ ಅವ್ವನ ಮಡಿಸೀರೆಯನ್ನು ಬೇಕಂತಲೇ ಮುಟ್ಟಿ ವಿಚಾರವಾದಿ ಎನಿಸಿಕೊಂಡಿದ್ದವನು ನಾನು. ನಡುವಯಸ್ಸಿನಲ್ಲಿ ವಿಜ್ಞಾನವೇ ಪಕ್ಷಾಂತರ ಮಾಡಿದರೆ ಯಾರಿಗೆ ಹೇಳಿಕೊಳ್ಳುವುದು?

ಅವ್ವನಿಗೂ ಒಂದು ಪೆಟ್ಟು ಬಿತ್ತೆನ್ನಿ. ಅದು ಇಂಗಿನಿಂದ. ಅಂಗಡಿಯಲ್ಲಿ ಸಿಗುವ ಇಂಗು ಬರೀ ಇಂಗಲ್ಲ, ಅಂಟು ಮತ್ತು ಹಿಟ್ಟು ಬೆರೆಸಿದ್ದು. ಆ ಹಿಟ್ಟು ಎಷ್ಟೋ ಸಲ ಗೋಧಿಯದೇ. ಏಕಾದಶಿಯ ಮಾರನೆಯ ದಿನದ ಸಾರಿನಿಂದ ಹಿಡಿದು ಉಪ್ಪಿನಕಾಯಿಯವರೆಗೆ ತಾನು ಶ್ರದ್ಧೆಯಿಂದ ಹಾಕುತ್ತಾ ಬಂದದ್ದರ ಒಳಗೆ ಗೋಧಿ ಕೂತಿತ್ತೆಂದು ಅವಳು ಎರಡು ದಿನ ನಂಬಲಿಲ್ಲ. ಕೊನೆಗೆ ಕನ್ನಡಕ ಹಾಕಿಕೊಂಡು, ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಸಣ್ಣ ಅಕ್ಷರವನ್ನು ಓದಿಕೊಂಡಳು. ಅಂದಿನಿಂದ ಮನೆಯ ಪ್ರತಿ ಪೊಟ್ಟಣದ ಹಿಂಬದಿಯೂ ಅವಳ ಪಾರಾಯಣಕ್ಕೆ ಒಳಗಾಗುತ್ತದೆ. ಕಾರ್ನ್‌ಫ್ಲೇಕ್ಸ್ ಮೆಕ್ಕೆಜೋಳದ್ದಲ್ಲವೇ ಎಂದು ನಾನು ತಂದರೆ ಅದರಲ್ಲಿ ಬಾರ್ಲಿಯ ಮಾಲ್ಟ್ ಹಿಡಿದಳು. ಸೋಯಾ ಸಾಸಿನಲ್ಲಿ ಗೋಧಿ ಹಿಡಿದಳು. ನಾನು ಇಷ್ಟು ವರ್ಷ ಕಡತ ನೋಡಿದ್ದು ವ್ಯರ್ಥ.

ಇಲ್ಲಿ ನಗುವುದು ಸುಲಭ. ಕಾಯಿಲೆ ಪತ್ತೆಯಾಗುವ ಮುಂಚಿನ ದಿನಗಳಲ್ಲಿ ಯಾರೂ ನಗುತ್ತಿರಲಿಲ್ಲ. ತರಗತಿಯ ಫೋಟೋದಲ್ಲಿ ಮಗಳು ಯಾವಾಗಲೂ ಮುಂದಿನ ಸಾಲಿನ ತುದಿಯಲ್ಲಿ. ಹೊಟ್ಟೆ ಉಬ್ಬಿ ಕೈಕಾಲು ಕಡ್ಡಿಯಾಗಿದ್ದವು. ಹುಳದ ಔಷಧಿ ಆಯಿತು, ಟಾನಿಕ್ ಆಯಿತು, ದೃಷ್ಟಿ ತೆಗೆದದ್ದೂ ಆಯಿತು. ಬೆಳೆಯಲಿ ಎಂದು ಹಾಲಿಗೆ ಕಲಸಿ ಕೊಡುತ್ತಿದ್ದ ಮಾಲ್ಟ್ ಪುಡಿಯಲ್ಲಿ ಇದ್ದದ್ದೂ ಬಾರ್ಲಿ ಮತ್ತು ಗೋಧಿಯೇ. ಗೋಧಿ, ಬಾರ್ಲಿ, ರೈಗಳಲ್ಲಿರುವ ಗ್ಲುಟೆನ್ ಒಳಗೆ ಹೋದರೆ ಇಂಥ ಮಕ್ಕಳ ದೇಹ ತನ್ನದೇ ಸಣ್ಣ ಕರುಳನ್ನು ಶತ್ರುವೆಂದು ತಿಳಿದು ಹೊಡೆಯುತ್ತದೆ. ಆಹಾರ ಹೀರುವ ಸೂಕ್ಷ್ಮ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಗುಳಿಗೆ ಇಲ್ಲ, ಇರುವುದು ಪಥ್ಯ, ಅದೂ ಜೀವನಪೂರ್ತಿ.

ಗೋಧಿಯೇ ಕಳ್ಳನೆಂದು ಪತ್ತೆ ಹಚ್ಚಿದವರು ವಿಲ್ಲೆಮ್ ಡಿಕೆ ಎಂಬ ಡಚ್ ಮಕ್ಕಳ ವೈದ್ಯರು. ಅವರಿಗೆ ಅನುಮಾನ ಮೊದಲೇ ಇತ್ತು. ಎರಡನೇ ಮಹಾಯುದ್ಧದ 1944-45ರ ಚಳಿಗಾಲದಲ್ಲಿ ನೆದರ್‌ಲ್ಯಾಂಡ್ಸಿನಲ್ಲಿ ಬ್ರೆಡ್ಡು ಸಿಗದೆ ಜನ ಟ್ಯುಲಿಪ್ ಗೆಡ್ಡೆ ತಿಂದು ಬದುಕಿದರು. ಊರೆಲ್ಲ ಸೊರಗುವಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡವು. ಬ್ರೆಡ್ಡು ಬಂದ ಮೇಲೆ ಮತ್ತೆ ಮಲಗಿದವು. 1950ರಲ್ಲಿ ಅವರ ಸಂಶೋಧನಾ ಪ್ರಬಂಧ ಹೊರಬಂತು. ಅದೇ ಮಹಾಯುದ್ಧದ ಕಾಲದಲ್ಲಿ ನಮ್ಮ ಬೆಂಗಳೂರಿನಲ್ಲಿ ಅಕ್ಕಿಗೆ ಬರ ಬಂದು, ಎಂಟಿಆರ್‌ನವರು ಗೋಧಿ ರವೆಯಲ್ಲಿ ಇಡ್ಲಿ ಮಾಡಿದರಂತೆ. ರವೆ ಇಡ್ಲಿ ಹುಟ್ಟಿದ್ದು ಹಾಗೆ ಎನ್ನುತ್ತಾರೆ. ಅಲ್ಲಿ ಗೋಧಿ ಹೋಗಿ ಮಕ್ಕಳು ಉಳಿದವು, ಇಲ್ಲಿ ಗೋಧಿ ಬಂದು ಇಡ್ಲಿಯೊಳಗೆ ಹೊಕ್ಕಿತು. ಮಗಳಿಗೆ ಇದನ್ನು ಹೇಳಿದೆ. ಯುದ್ಧ ಯಾಕಾಯಿತು ಎಂದು ಕೇಳಲಿಲ್ಲ. ಹಿಟ್ಲರ್ ಮೇಲೆ ಅವಳ ಸಿಟ್ಟು ರವೆ ಇಡ್ಲಿಯ ಕಾರಣಕ್ಕೆ.

ಮಗಳಿಗೆ ಬೇಕರಿ ತಪ್ಪಿತಲ್ಲ ಎಂದು ನಾನೇ ಬೇಕರಿಯಾಗಲು ಹೊರಟೆ. ಓವನ್ ಬಂತು. ಮೊದಲ ಬ್ರೆಡ್ಡನ್ನು ರಾಗಿ ಮತ್ತು ಅಕ್ಕಿ ಹಿಟ್ಟಿನಲ್ಲಿ ಮಾಡಿ, ಕೊಯ್ಯಲೆಂದು ಚಾಕು ತೆಗೆದುಕೊಂಡೆ. ಚಾಕು ತಾಗುವ ಮೊದಲೇ ಅದು ಶರಣಾಯಿತು. ಚಮಚದಲ್ಲಿ ತಿಂದೆವು. ಗೋಧಿ ಹಿಟ್ಟನ್ನು ನಾದಿದರೆ ಅದರ ಪ್ರೋಟೀನು ಎಳೆದಂತೆ ಹಿಗ್ಗುವ ಬಲೆಯಾಗಿ ಗಾಳಿಯನ್ನು ಹಿಡಿದಿಡುತ್ತದೆ, ಬ್ರೆಡ್ಡು ಉಬ್ಬುವುದು ಅದರಿಂದ. ರಾಗಿ, ಅಕ್ಕಿ, ಜೋಳದಲ್ಲಿ ಆ ಬಲೆ ಇಲ್ಲ. ನಾನು ಇದನ್ನು ಅವ್ವನಿಗೆ ವಿವರಿಸುತ್ತಿದ್ದರೆ ಅವಳು ತಟ್ಟೆಯ ಪುಡಿಯನ್ನು ಬೆರಳಲ್ಲಿ ತಿಕ್ಕಿ, "ಜಿಗಿ ಇಲ್ಲಪಾ ಹಿಟ್ಟಿಗೆ. ಎಸರು ಹಾಕಬೇಕಿತ್ತು," ಅಂದಳು. ಬ್ರೆಡ್ಡಿಗೆ ಎಸರೇ ಎಂದು ನಕ್ಕೆ. ಆಮೇಲೆ ಹಿಟ್ಟಿನಲ್ಲಿ ಒಂದು ಪಾಲನ್ನು ಕುದಿಯುವ ನೀರಿನಲ್ಲಿ ಕಲಸಿದೆ, ಜೋಳದ ರೊಟ್ಟಿಗೆ ಕಲಸುವಂತೆಯೇ. ಪಿಷ್ಟ ಬೆಂದು ಅಂಟಾಗಿ ಉಳಿದದ್ದನ್ನೆಲ್ಲ ಹಿಡಿದುಕೊಂಡಿತು. ಉತ್ತರ ಕರ್ನಾಟಕದ ಹೆಂಗಸರು ದಿನಾ ಬೆಳಿಗ್ಗೆ ಒಲೆಯ ಮುಂದೆ ಮಾಡುವ ಕೆಲಸಕ್ಕೆ ನಾನು ವಿಡಿಯೋ ನೋಡಿ ನಿದ್ದೆಗೆಟ್ಟಿದ್ದೆ.

ಎಸರಿನ ಜೊತೆಗೆ ಬೇಕಾಗುವ ಇನ್ನೊಂದು ವಸ್ತು ಇಸಬಗೋಲು. ನೀರು ಕುಡಿದು ಲೋಳೆಯಾಗುವ ಆ ಹೊಟ್ಟು ಬ್ರೆಡ್ಡಿಗೆ ಬೆನ್ನೆಲುಬು ಕೊಡುತ್ತದೆ. ಆದರೆ ಅದು ಸಿಗುವುದು ಮೆಡಿಕಲ್ ಶಾಪಿನಲ್ಲಿ. ವಾರವಾರ ಹೋಗಿ ದೊಡ್ಡ ಡಬ್ಬಿ ಕೊಳ್ಳುವ ನನ್ನನ್ನು ಅಂಗಡಿಯವರು ಮೊದಮೊದಲು ಮಾಮೂಲಾಗಿ ನೋಡಿದರು, ಆಮೇಲೆ ಕರುಣೆಯಿಂದ ನೋಡಿದರು. "ಸಾರ್, ಒಂದು ಸಲ ಡಾಕ್ಟರ್‌ಗೆ ತೋರಿಸಿಬಿಡಿ," ಎಂದು ಮೆತ್ತಗೆ ಹೇಳಿದರು. "ಇದು ಬ್ರೆಡ್ ಮಾಡೋಕೆ," ಅಂದೆ. ಅವರ ಕರುಣೆ ಇಮ್ಮಡಿಯಾಯಿತು.

ಕೇಕು ಮಾತ್ರ ಕೈಹಿಡಿಯಿತು. ರಾಗಿ ಹಿಟ್ಟು, ಕೋಕೋ, ಬೆಲ್ಲ, ಬೆಣ್ಣೆ, ಕಳಿತ ಬಾಳೆಹಣ್ಣು. ಕಲಸಿದ ಮೇಲೆ ಅರ್ಧ ಗಂಟೆ ಬಿಟ್ಟರೆ ರಾಗಿಯ ತರಿ ಮೆತ್ತಗಾಗುತ್ತದೆ. ಮಗಳಿಗಾಗಿ ಮಾಡುತ್ತೇನೆ ಎನ್ನುವುದು ಸಾರ್ವಜನಿಕ ಹೇಳಿಕೆ. ಅಂಚಿನ ಗರಿಗರಿ ತುಂಡು ರುಚಿ ನೋಡುವವನಿಗೆ ಸೇರಬೇಕೆಂಬುದು ನಾನೇ ಮಾಡಿಕೊಂಡ ಕಾನೂನು. ಕೇಕಿಗೆ ನಾಲ್ಕು ಅಂಚು.

ಈಗ ಪೊಟ್ಟಣದ ಬಿಸ್ಕತ್ತಿಗೆ ಬರೋಣ. ಗೋಧಿ ತೆನೆಗೆ ಅಡ್ಡಗೀಟು ಎಳೆದ ಗುರುತಿನ, ಕಿಲೋಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇರಬಾರದೆಂಬ ನಿಯಮಕ್ಕೆ ಒಳಪಟ್ಟ, ಮಾಮೂಲಿ ಬಿಸ್ಕತ್ತಿನ ಹಲವು ಪಟ್ಟು ಬೆಲೆಯ ಪೊಟ್ಟಣಗಳು. ಒಂದು ಸಂಜೆ ಕೊರಿಯರಿನಲ್ಲಿ ಚಾಕೊಲೇಟ್ ಬಿಸ್ಕತ್ತು ಬಂದಿತ್ತು, ನಡುವೆ ಕೆನೆ ಇರುವಂಥದ್ದು. ನಾನು ಬಾಗಿಲು ದಾಟುವಾಗ ಅವ್ವನೂ ಮಗಳೂ ಡಬ್ಬಿ ತುಂಬಿಸುತ್ತಿದ್ದರು. ಒಂದು ಕೊಡಿ ಅಂದೆ.

"ಅಲ್ಲೇ ನಿಂದ್ರು," ಅಂದಳು ಅವ್ವ. "ಕೈ ತೊಳಕೊಂಡೀಯೇನು?"

ತೊಳೆದು ಬಂದೆ. ಸಾಬೂನು ಹಚ್ಚಿದೆನೇ ಎಂದು ವಿಚಾರಣೆ, ಹಚ್ಚಿದ್ದೆ. ಉಗುರು ತೋರಿಸಲು ಆಜ್ಞೆ, ತೋರಿಸಿದೆ. ಅಂಗಿಯ ಜೇಬಿನಲ್ಲಿ ಪಫ್ಸಿನ ಪದರವೊಂದು ಸಿಕ್ಕಿತು, ಅಂಗಿ ಬದಲಾಯಿತು. ಇಲ್ಲಿಗೆ ಮುಗಿಯಿತೆಂದು ಕೈ ಚಾಚಿದರೆ ಮಗಳು ಟಾರ್ಚು ತಂದಳು. "ಅಜ್ಜಿ, ಮೀಸೆ ನೋಡು!"

ನನ್ನ ಮೀಸೆ ಸಣ್ಣದಲ್ಲ. ಕಾಲೇಜಿನಿಂದ ಸಾಕಿದ್ದು. ಪಫ್ಸಿನ ಗುಣ ತಿಂದವರಿಗೆ ಗೊತ್ತು: ಎಷ್ಟು ಹುಷಾರಾಗಿ ಕಚ್ಚಿದರೂ ಅರ್ಧ ಬಾಯಿಗೆ, ಅರ್ಧ ಮೈಮೇಲೆ. ಟಾರ್ಚಿನ ಬೆಳಕಿನಲ್ಲಿ ಮೀಸೆಯ ಎಡಭಾಗದಲ್ಲಿ ಮೂರು ಚೂರು, ಬಲಭಾಗದಲ್ಲಿ ಕ್ಯಾರೆಟ್ಟಿನ ಒಂದು ಎಳೆ ಪತ್ತೆಯಾದವು. ಕ್ಯಾರೆಟ್ಟು ನಿರಪರಾಧಿ ಎಂದು ವಾದಿಸಿದೆ; ಸಹವಾಸದೋಷ ಎಂದು ತೀರ್ಪಾಯಿತು. ಮೀಸೆ ತೊಳೆದೆ, ಬಾಚಿದೆ, ಮತ್ತೆ ತೋರಿಸಿದೆ. "ಬೋಳಿಸಿಬಿಡಪ್ಪಾ, ಸುಲಭ," ಅಂದಳು ಮಗಳು. ಒಂದು ಬಿಸ್ಕತ್ತಿಗೆ ಮೀಸೆ ಕೊಡುವುದೇ? ಕೆನೆಯ ಕಡೆ ನೋಡಿದೆ. ಒಂದು ಕ್ಷಣ ಯೋಚಿಸಿದ್ದು ನಿಜ.

ಕೊನೆಗೆ ನೆಲದ ಮೇಲೆ ಕೂರಿಸಿದರು. ಎಡಗೈ ಮೇಲೆ ಬಲಗೈ ಇಟ್ಟು ಬೊಗಸೆ ಒಡ್ಡಿದೆ. ಅವ್ವ ಒಂದು ಗೇಣು ಎತ್ತರದಿಂದ, ನನ್ನ ಬೆರಳು ಸೋಕದಂತೆ, ಬಿಸ್ಕತ್ತನ್ನು ಬಿಟ್ಟಳು. ಗ್ಲುಟೆನ್ ಇಲ್ಲದ್ದಲ್ಲವೇ, ಬಿದ್ದ ಕೂಡಲೇ ಎರಡಾಯಿತು. ಅಭ್ಯಾಸಬಲದಿಂದ ಕಣ್ಣಿಗೆ ಒತ್ತಿಕೊಂಡೆ. ಹುಬ್ಬಿಗೆ ಕೆನೆ ಹತ್ತಿತು. ಬಾಯಿಗೆ ಹಾಕಿಕೊಂಡರೆ ಅಕ್ಕಿ ಹಿಟ್ಟಿನ ಆ ಮರಳುಮರಳು, ಕೋಕೋದ ಕಹಿ, ಕೆನೆಯ ಸಿಹಿ. ದಿಲ್‌ಪಸಂದ್ ಮರೆತೇಹೋಯಿತು. ಮತ್ತೆ ಬೊಗಸೆ ಒಡ್ಡಿದೆ.

"ಪ್ರಸಾದ ಒಮ್ಮೆ ಅಷ್ಟ," ಅಂದಳು ಅವ್ವ.

"ತೀರ್ಥ ಮೂರು ಸಲ ಕೊಡ್ತಾರಲ್ಲವಾ, ಅವ್ವಾ?"

ಅವಳು ಡಬ್ಬಿಯನ್ನೂ ನನ್ನನ್ನೂ ನೋಡಿದಳು. ಶಾಸ್ತ್ರ ಬಲ್ಲವಳು, ಸುಳ್ಳು ಹೇಳುವಂತಿರಲಿಲ್ಲ. ಇನ್ನೆರಡು ಬಿದ್ದವು. ಮಗಳು ಅನ್ಯಾಯ ಅನ್ಯಾಯ ಎಂದು ಕೂಗುತ್ತಿದ್ದಳು.

ಈ ಮಡಿಯಿಂದ ಇನ್ನೊಂದೂ ಆಯಿತು. ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸು ರಾಯಚೂರಿನ ಕಡೆಯವಳು. ಅವಳು ತೊಳೆದಿಟ್ಟ ಪಾತ್ರೆಗೆ ಮತ್ತೊಮ್ಮೆ ನೀರು ಹಾಕಿಯೇ ಅವ್ವ ಒಳಗೆ ಒಯ್ಯುತ್ತಿದ್ದಳು. ಅಡಿಗೆಮನೆಯ ಹೊಸ್ತಿಲು ಅವಳಿಗೆ ಗಡಿ. ನಾನು ವರ್ಷಗಟ್ಟಲೆ ಭಾಷಣ ಮಾಡಿದ್ದೆ, ಹೊಸ್ತಿಲು ಕದಲಿರಲಿಲ್ಲ. ಅವ್ವನ ಮಂಡಿ ನೋವು ಹೆಚ್ಚಾಗಿ ರೊಟ್ಟಿ ಬಡಿಯಲು ಆಗದಾದಾಗ ಪ್ರಶ್ನೆ ಎದ್ದಿತು, ಮೊಮ್ಮಗಳ ರೊಟ್ಟಿ ಯಾರ ಕೈಯದು? "ಆಕಿ ಮನ್ಯಾಗ ಗೋಧಿ ಹಿಟ್ಟು ತರೂದೇ ಇಲ್ಲಂತ. ಆಕಿ ಕೈ ಚೊಕ್ಕ ಅದ," ಅಂದಳು ಅವ್ವ. ಈಗ ದಿನಾ ಬೆಳಿಗ್ಗೆ ನಮ್ಮ ಒಲೆಯ ಮುಂದೆ ಅವಳೇ ರೊಟ್ಟಿ ಬಡಿಯುತ್ತಾಳೆ, ಅವ್ವನೂ ತಿನ್ನುತ್ತಾಳೆ. ನನಗೆ ಕಣ್ಣು ಒದ್ದೆಯಾಯಿತು. ಆ ಹೆಂಗಸಿಗೆ ಅಂಥದ್ದೇನೂ ಆಗಲಿಲ್ಲ. ರೊಟ್ಟಿಗೆ ಬೇರೆ ಪಗಾರ ಎಷ್ಟು ಎಂದು ಕೇಳಿದಳು. ಸರಿಯಾದ ಪ್ರಶ್ನೆ, ಅಷ್ಟು ವರ್ಷದ ನೀರಿಗೆ ನಾವು ಯಾರೂ ಪಗಾರ ಕೊಟ್ಟಿಲ್ಲ.

ಸಿಟ್ಟು ಬರುವುದು ನೆಂಟರ ಮೇಲೆ. ಮದುವೆ ಮನೆಯಲ್ಲಿ, "ಗೋಧಿ ಬೇಡ ಅಂದ್ರಲ್ಲ, ಅದಕ್ಕೇ ಹೋಳಿಗೆಗೆ ಮೈದಾ ಹಾಕಿಸಿದ್ದೀವಿ," ಎನ್ನುತ್ತಾರೆ. ಮೈದಾ ಯಾವ ಗಿಡದಲ್ಲಿ ಬಿಡುತ್ತದೆಂದು ಇವರು ತಿಳಿದಿದ್ದಾರೋ! ಇನ್ನೊಬ್ಬರು ಪೂರಿ ಮುರಿಯುತ್ತಾ, ತೂಕ ಇಳಿಸಲು ತಾನೂ ಗ್ಲುಟೆನ್ ಬಿಟ್ಟಿರುವುದಾಗಿ ಹೇಳುತ್ತಾರೆ. ಇಂಥವರ ಶೋಕಿಯಿಂದಲೇ ಅಂಗಡಿಯ ಕಪಾಟಿನಲ್ಲಿ ನಮ್ಮ ಬಿಸ್ಕತ್ತಿಗೂ ಜಾಗ ಸಿಕ್ಕಿದೆ, ಹಾಗಾಗಿ ಜಗಳವಾಡುವುದಿಲ್ಲ. ಎಲ್ಲರಿಗಿಂತ ಅಪಾಯಕಾರಿಗಳು ಪ್ರೀತಿಯ ಅತ್ತೆಯರು. "ಪಾಪ, ಮಗು. ಸ್ವಲ್ಪ ತಿಂದರೆ ಏನಾಗುತ್ತೆ?" ಎಂದು ರವೆ ಲಾಡುವಿನ ತುಂಡು ಹಿಡಿದು ಬರುತ್ತಾರೆ. ಏನಾಗುತ್ತದೆಂದು ನಮಗೆ ಗೊತ್ತು, ಅವಳ ಹೊಟ್ಟೆಗೆ ಗೊತ್ತು.

ಆದ್ದರಿಂದ ಒಂದು ವಿನಂತಿ. ನಿಮ್ಮ ಮನೆಗೆ ಇಂಥ ಮಗು ಬಂದರೆ ಗಾಬರಿಯಾಗಬೇಡಿ. ಬಾಳೆಹಣ್ಣು ಕೊಡಿ, ತೊಳೆದ ಚಮಚದಲ್ಲಿ ಮೊಸರನ್ನ ಕೊಡಿ, ಒಗ್ಗರಣೆಗೆ ಮುಂಚೆ ಇಂಗಿನ ಡಬ್ಬಿಯ ಹಿಂಬದಿ ಓದಿ, "ಸ್ವಲ್ಪ" ಎನ್ನುವ ಮಾತು ಮಾತ್ರ ಆಡಬೇಡಿ. ನಮ್ಮ ಮನೆಗೇ ಬರುವುದಾದರೆ ಬರಿಗೈಯಲ್ಲಿ ಬರಬೇಡಿ. ತೆನೆಗೆ ಅಡ್ಡಗೀಟು ಇರುವ, ನಡುವೆ ಕೆನೆ ಇರುವ ಚಾಕೊಲೇಟ್ ಬಿಸ್ಕತ್ತನ್ನೇ ತನ್ನಿ. ಎರಡು ಪೊಟ್ಟಣ ತನ್ನಿ. ಒಂದನ್ನು ಅವ್ವನ ಕೈಗೆ ಕೊಡುವ ಮೊದಲು ನನ್ನ ಕೈಗೆ ಕೊಡಿ.