ಮರಗಳಿಗಾಗಿ ಕಟ್ಟಿಗೆ ಕಾಣದವರು

ಇಂಗ್ಲಿಷಿನ ನುಡಿಗಟ್ಟುಗಳಲ್ಲಿ, ಅಂದರೆ ಬಿಡಿಪದಗಳ ಅರ್ಥಗಳನ್ನೆಲ್ಲ ಕೂಡಿಸಿದರೂ ಒಟ್ಟು ಅರ್ಥ ಕೈಗೆ ಸಿಗದಂಥ ಪದಗುಚ್ಛಗಳಲ್ಲಿ, ‘ಕಾಂಟ್ ಸೀ ದ ವುಡ್ ಫಾರ್ ದ ಟ್ರೀಸ್’ ಎಂಬುದು ಕಲಿಯುವವರನ್ನೂ ಕಲಿಸುವವರನ್ನೂ ಭೇದವಿಲ್ಲದೆ ಕಾಡುವಂಥದ್ದು. ವಿವರಗಳ ಸಂದಣಿಯಲ್ಲಿ ಸಿಕ್ಕಿಕೊಂಡು ಒಟ್ಟು ಸಂಗತಿಯನ್ನೇ ಕಾಣದೆ ಹೋದವನನ್ನು ಕುರಿತು ಇದನ್ನು ಬಳಸುತ್ತಾರೆ ಎಂಬಷ್ಟನ್ನು ನಿಘಂಟು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಆದರೆ ಆ ಒಂದು ಸಾಲಿಗೆ ತೃಪ್ತನಾಗುವ ವಿದ್ಯಾರ್ಥಿ ಮೇಷ್ಟರ ಕಣ್ಣಿಗೆ ಸೋಮಾರಿಯಂತೆ ಕಾಣುವುದರಿಂದ ಪದಪದವನ್ನೂ ಬಿಡಿಸಿ ನೋಡುವ ಕೆಲಸ ಶುರುವಾಗುತ್ತದೆ, ಅನರ್ಥವೂ ಅಲ್ಲಿಂದಲೇ ಶುರುವಾಗುತ್ತದೆ.

ಮೊದಲ ತೊಡಕು ‘ವುಡ್’. ಕನ್ನಡದ ವಿದ್ಯಾರ್ಥಿಗೆ ಈ ಪದ ಕೇಳಿದೊಡನೆ ನೆನಪಾಗುವುದು ಬಡಗಿಯ ಅಂಗಡಿ, ಪ್ಲೈವುಡ್ಡಿನ ಹಲಗೆ, ಟೀಕ್‌ವುಡ್ಡಿನ ಬಾಗಿಲು ಮುಂತಾದವೇ ಹೊರತು ಕಾಡಲ್ಲ. ಹೀಗಾಗಿ ಇಡೀ ವಾಕ್ಯ ‘ಮರಗಳಿಗಾಗಿ ಕಟ್ಟಿಗೆಯನ್ನು ಕಾಣಲಾರನು’ ಎಂದು ಕನ್ನಡಕ್ಕೆ ಇಳಿಯುತ್ತದೆ, ಮತ್ತು ಇದರ ತಾತ್ಪರ್ಯವೇನೆಂದು ಕೇಳಿದರೆ, ಮರಗಳ ಮೇಲಿನ ಮಮತೆಯಿಂದ ಸೌದೆಯ ಕಡೆ ಕಣ್ಣೆತ್ತಿಯೂ ನೋಡದ ಪರಿಸರಪ್ರೇಮಿ ಎಂಬ ಉತ್ತರ ಸಿಗುತ್ತದೆ. ಉತ್ತರ ತಪ್ಪು, ಆದರೆ ಮೂಲಕ್ಕಿಂತ ಉದಾತ್ತವಾದದ್ದೆಂಬುದನ್ನು ಒಪ್ಪಿಕೊಳ್ಳಲೇಬೇಕು. ಇಂಗ್ಲಿಷಿನ ‘ವುಡ್’ ಕಟ್ಟಿಗೆಯೂ ಹೌದು, ಚಿಕ್ಕ ಕಾಡೂ ಹೌದು. ಕರಾವಳಿಯವರು ಹಾಡಿ ಎನ್ನುತ್ತಾರಲ್ಲ, ಹೆಚ್ಚುಕಡಿಮೆ ಅದು. ಕನ್ನಡವಾದರೋ ಬೇರೆ ದಾರಿ ಹಿಡಿದಿದೆ: ಹೊಲದ ಬದುವಿನಲ್ಲಿ ನಿಂತಿರುವುದೂ ಮರವೇ, ಕೊಯ್ದು ಹೆರೆದು ಕುರ್ಚಿ ಮಾಡಿದ ಮೇಲೂ ಅದು ಮರದ ಕುರ್ಚಿಯೇ. ಒಂದು ಭಾಷೆ ಕಟ್ಟಿಗೆಯನ್ನು ಕಾಡಿನೊಡನೆ ಗಂಟುಹಾಕಿದರೆ ಇನ್ನೊಂದು ಅದನ್ನು ಮರದೊಡನೆ ಗಂಟುಹಾಕಿದ್ದು, ಈ ಎರಡು ಗಂಟುಗಳ ನಡುವೆ ವಿದ್ಯಾರ್ಥಿಯ ಕಾಲು ತೊಡರುವುದು ಸಹಜ. ಕನ್ನಡದಂತೆಯೇ ಮರಕ್ಕೂ ಕಟ್ಟಿಗೆಗೂ ಒಂದೇ ಪದವನ್ನು ಇಟ್ಟುಕೊಂಡಿರುವ ತಮಿಳಿನಲ್ಲಿ ಶೈವ ಸಂತ ತಿರುಮೂಲರ್ ತಮ್ಮ ‘ತಿರುಮಂದಿರಂ’ ಗ್ರಂಥದಲ್ಲಿ ಮರದಿಂದ ಕೆತ್ತಿದ ಆನೆಯ ದೃಷ್ಟಾಂತವನ್ನು ಕೊಟ್ಟು, ಆನೆಯನ್ನು ಕಂಡವನಿಗೆ ಮರ ಮರೆಯಾಗುತ್ತದೆ, ಮರವನ್ನು ಕಂಡವನಿಗೆ ಆನೆ ಮರೆಯಾಗುತ್ತದೆ ಎಂಬ ಭಾವವನ್ನು ತಂದಿದ್ದಾರೆ. ಇಂಗ್ಲಿಷ್ ನುಡಿಗಟ್ಟು ಒಂದೇ ಕಡೆಯ ಮರೆಯನ್ನು ಹಿಡಿದರೆ ಇದು ಎರಡೂ ಕಡೆಯದನ್ನು ಹಿಡಿಯುತ್ತದೆ.

ಆದರೆ ನಿಜವಾದ ಅಪರಾಧಿ ‘ವುಡ್’ ಅಲ್ಲ, ಯಾರೂ ಅನುಮಾನಪಡದ ‘ಫಾರ್’. ಶಾಲೆಯಲ್ಲಿ ಈ ಪದವನ್ನು ಚತುರ್ಥೀ ವಿಭಕ್ತಿಯ ‘ಗೆ’, ‘ಗಾಗಿ’ಗಳ ಜೋಡಿಯೆಂದು ಕಲಿಸಿರುತ್ತಾರೆ; ಇಲ್ಲಿ ಅದು ಕಾರಣವನ್ನು ಹೇಳುವ ‘ಇಂದ’, ಅಂದರೆ ವ್ಯಾಕರಣದ ಮಾತಿನಲ್ಲಿ ಹೇತ್ವರ್ಥದ ತೃತೀಯೆ. ‘ಜಂಪ್ ಫಾರ್ ಜಾಯ್’ ಎಂದಾಗ ಯಾರೂ ಸಂತೋಷ ಅಟ್ಟದ ಮೇಲಿದೆಯೆಂದು ಅದನ್ನು ಎಟುಕಿಸಿಕೊಳ್ಳುವುದಕ್ಕಾಗಿ ಹಾರುವುದಿಲ್ಲ, ಸಂತೋಷದಿಂದ ಕುಣಿಯುತ್ತಾರೆ. ಅದೇ ರೀತಿ ಇಲ್ಲಿ ಮರಗಳಿಗಾಗಿ ಅಲ್ಲ, ಮರಗಳ ದೆಸೆಯಿಂದ ಕಾಡು ಕಾಣುತ್ತಿಲ್ಲ. ಈ ಒಂದು ಪದ ಸರಿಹೋದರೆ ವಾಕ್ಯ ತಾನಾಗಿಯೇ ನೆಟ್ಟಗಾಗುತ್ತದೆ. ಆದರೆ ಪಾಠದ ಅವಧಿಯೆಲ್ಲ ‘ವುಡ್’ ಮತ್ತು ‘ಟ್ರೀ’ಗಳ ವ್ಯತ್ಯಾಸದಲ್ಲೇ ಕಳೆದುಹೋಗಿ ‘ಫಾರ್’ ಬರುವ ಹೊತ್ತಿಗೆ ಗಂಟೆ ಹೊಡೆದಿರುತ್ತದೆ.

ಈ ಮಾತು ಹೊಸದಲ್ಲ. ಎಂಟನೆಯ ಹೆನ್ರಿಯ ಆಸ್ಥಾನದಲ್ಲಿದ್ದ ನಾಟಕಕಾರ ಜಾನ್ ಹೇವುಡ್ 1546ರಲ್ಲಿ ಹೊರತಂದ ಗಾದೆಗಳ ಸಂಕಲನದಲ್ಲೇ ಇದು ಕಾಣಿಸಿಕೊಂಡಿದ್ದು, ಸಂಕಲನಕಾರನ ಹೆಸರಿನಲ್ಲೂ ಒಂದು ವುಡ್ ಸೇರಿಕೊಂಡಿರುವುದು ಕೇವಲ ಕಾಕತಾಳೀಯ. ಅಟ್ಲಾಂಟಿಕ್ ದಾಟಿದ ಮೇಲೆ ಅಮೆರಿಕದವರು ‘ವುಡ್’ ತೆಗೆದು ‘ಫಾರೆಸ್ಟ್’ ಹಾಕಿಕೊಂಡರು, ಕನ್ನಡದ ವಿದ್ಯಾರ್ಥಿಯ ಮಟ್ಟಿಗೆ ಇದು ದೊಡ್ಡ ಉಪಕಾರ. ಆದರೆ ಮಧ್ಯಯುಗದ ಇಂಗ್ಲೆಂಡಿನ ಅರಸನ ಅಧಿಕಾರಿಗೆ ಈ ತಿದ್ದುಪಡಿ ಹಾಸ್ಯಾಸ್ಪದವಾಗಿ ಕಾಣುತ್ತಿತ್ತು, ಏಕೆಂದರೆ ನಾರ್ಮನ್ನರ ಕಾಲದಿಂದ ‘ಫಾರೆಸ್ಟ್’ ಎಂಬುದು ಕಾನೂನಿನ ಮಾತಾಗಿದ್ದು, ಅರಸನ ಬೇಟೆಗೆಂದು ಮೀಸಲಿಟ್ಟ ಪ್ರದೇಶ ಎಂಬುದು ಅದರ ಅರ್ಥವಾಗಿತ್ತು. ಅಲ್ಲಿ ಜಿಂಕೆ ಇರಬೇಕಿತ್ತೇ ಹೊರತು ಮರ ಇರಲೇಬೇಕೆಂಬ ಕಟ್ಟಳೆ ಇರಲಿಲ್ಲ. ನೈಋತ್ಯ ಇಂಗ್ಲೆಂಡಿನ ಡಾರ್ಟ್‌ಮೂರಿನ ಬಹುಭಾಗ ಬೋಳು ಬಯಲಾದರೂ ಅದು ಕಾಗದಪತ್ರಗಳಲ್ಲಿ ಫಾರೆಸ್ಟ್ ಆಗಿತ್ತು. ಮರಗಳು ಅಡ್ಡಬರದೆ ಕಾಡು ನಿಚ್ಚಳವಾಗಿ ಕಾಣುವ ಸ್ಥಳ ಭೂಮಿಯ ಮೇಲೆ ಎಲ್ಲಿಯಾದರೂ ಇದ್ದರೆ ಅದು ಅಲ್ಲಿಯೇ ಇರಬೇಕು.

ಜರ್ಮನರು ಇದೇ ಮಾತನ್ನು ‘ಬರೀ ಮರಗಳೇ ಅಡ್ಡವಾಗಿ’ ಎಂಬಂತೆ ಹೇಳುತ್ತಾರೆ, 18ನೆಯ ಶತಮಾನದ ಕವಿ ವೀಲಾಂಡ್‌ನಿಂದ ಅಲ್ಲಿ ಅದು ಬಳಕೆಗೆ ಬಿತ್ತು. ಫ್ರೆಂಚರಿಗೆ ಅಷ್ಟು ಮರಗಳ ಅಗತ್ಯವೂ ಇಲ್ಲ. ಅವರ ನುಡಿಗಟ್ಟಿನಲ್ಲಿ ಒಂದೇ ಮರ ಇಡೀ ಕಾಡನ್ನು ಮರೆಮಾಡುತ್ತದೆ.

ಕನ್ನಡದಲ್ಲಿ ಇದಕ್ಕೆ ಸಮಾನವಾದದ್ದನ್ನು ಹುಡುಕುವವರು ಸಾಮಾನ್ಯವಾಗಿ ಅಂಧಗಜನ್ಯಾಯದ ಕಡೆ, ಅಂದರೆ ಆನೆಯ ಒಂದೊಂದು ಅಂಗವನ್ನು ಮುಟ್ಟಿ ಮೊರವೆಂದೂ ಕಂಬವೆಂದೂ ಜಗಳವಾಡಿದ ಕುರುಡರ ದೃಷ್ಟಾಂತದ ಕಡೆ ಓಡುತ್ತಾರೆ; ಅದು ಪೂರ್ತಿ ಹೊಂದುವುದಿಲ್ಲ, ಏಕೆಂದರೆ ಆ ಕುರುಡರಲ್ಲಿ ಪ್ರತಿಯೊಬ್ಬನಿಗೂ ಸಿಕ್ಕಿದ್ದು ಒಂದೇ ಅಂಗ, ಆದರೆ ಈ ನುಡಿಗಟ್ಟಿನ ಮನುಷ್ಯ ಎಲ್ಲ ಮರಗಳನ್ನೂ ಕಂಡಿದ್ದಾನೆ, ಬೇಕಾದರೆ ಎಣಿಸಿಯೂ ಇಟ್ಟಿದ್ದಾನೆ. ಕೂಪಮಂಡೂಕ, ಅಂದರೆ ಬಾವಿಯ ಕಪ್ಪೆ, ಕಾಡಿನ ಹತ್ತಿರ ಬಂದೇ ಇಲ್ಲ. ಪಕ್ಷಿನೋಟವೆಂಬುದು ಮೇಲಿನಿಂದ ಒಟ್ಟನ್ನು ನೋಡಬಲ್ಲವನಿಗೆ ಸಲ್ಲುವ ಮೆಚ್ಚುಗೆ. ಸಿಂಹಾವಲೋಕನವೋ, ಭಾಷಣಕಾರರು ಎಲ್ಲ ಬಗೆಯ ನೋಟಕ್ಕೂ ಅದನ್ನೇ ಬಳಸಿದರೂ, ನಡೆಯುತ್ತಿರುವ ಸಿಂಹ ಹಿಂದಿರುಗಿ ನೋಡುವಂಥ ನೋಟ ಮಾತ್ರ. ಈ ನುಡಿಗಟ್ಟು ದೂರುವುದು ಕುರುಡನ್ನೂ ಅಲ್ಲ, ಅಜ್ಞಾನವನ್ನೂ ಅಲ್ಲ, ಅತಿಯಾದ ಶ್ರದ್ಧೆಯನ್ನು. ಮದುವೆಮನೆಯಲ್ಲಿ ಬಾಳೆಎಲೆ ಎಷ್ಟು, ತಾಂಬೂಲದ ತೆಂಗಿನಕಾಯಿ ಎಷ್ಟು, ಬಾಡಿಗೆಯ ಕುರ್ಚಿಗಳಲ್ಲಿ ಕಾಲು ಮುರಿದವು ಎಷ್ಟು ಎಂದು ಲೆಕ್ಕ ಬರೆದುಕೊಳ್ಳುತ್ತ ಉಗ್ರಾಣದಲ್ಲೇ ಉಳಿದು, ಹೊರಗೆ ಬರುವ ಹೊತ್ತಿಗೆ ತಾಳಿ ಕಟ್ಟಿ ಮುಗಿದಿದ್ದುದನ್ನು ಕಂಡು ಬೆರಗಾಗುವ ಸೋದರಮಾವನಿಗೆ ಇದು ಅಳತೆ ತೆಗೆದು ಹೊಲಿಸಿದ ಅಂಗಿ. ನುಡಿಗಟ್ಟುಗಳನ್ನು ವಿವರಿಸಲು ಹೊರಟ ಪಂಡಿತರಿಗೂ ಈ ಅಂಗಿ ಚೆನ್ನಾಗಿಯೇ ಒಪ್ಪುತ್ತದೆ.

ಆದ್ದರಿಂದ ಪರೀಕ್ಷೆಯಲ್ಲಿ ಇದರ ಅರ್ಥ ಬರೆಯಿರಿ ಎಂದು ಬಂದಲ್ಲಿ, ಓದುಗರು 1546ನ್ನಾಗಲಿ ಡಾರ್ಟ್‌ಮೂರನ್ನಾಗಲಿ ತಿರುಮೂಲರ ಆನೆಯನ್ನಾಗಲಿ ಉತ್ತರಪತ್ರಿಕೆಗೆ ತರದೆ, ‘ವಿವರಗಳಲ್ಲಿ ಮುಳುಗಿ ಒಟ್ಟನ್ನು ಕಾಣದಿರುವುದು’ ಎಂದಷ್ಟೇ ಬರೆದು ಮುಂದಿನ ಪ್ರಶ್ನೆಗೆ ಹೋಗತಕ್ಕದ್ದು. ಇಂಥ ಪ್ರಶ್ನೆಗೆ ಸಾಮಾನ್ಯವಾಗಿ ಇರುವುದು ಒಂದೇ ಅಂಕ.