ಶುಲ್ಕಮಣಿದರ್ಪಣ

ಕನ್ನಡ ನುಡಿಯ ಲಕ್ಷಣವನ್ನು ಹದಿಮೂರನೆಯ ಶತಮಾನದಲ್ಲಿಯೇ ಎಂಟು ಪ್ರಕರಣಗಳಲ್ಲಿ ನಿರೂಪಿಸಿ ‘ಶಬ್ದಮಣಿದರ್ಪಣ’ವನ್ನು ನಮಗಿತ್ತುಹೋದ ಕೇಶಿರಾಜನು ಮೋಟಾರುಸೈಕಲ್ಲನ್ನು ಕೊಂಡವನಲ್ಲವಾದುದರಿಂದ, ಎಕ್ಸ್‌ಶೋರೂಮ್ ಬೆಲೆಯೆಂಬ ಪ್ರಕೃತಿಯು ಆನ್‌ರೋಡ್ ಬೆಲೆಯೆಂಬ ಪದವಾಗಿ ಸಿದ್ಧಿಸುವ ಕ್ರಮವನ್ನು ಕುರಿತು ಆತನಲ್ಲಿ ಒಂದು ಸೂತ್ರವೂ ದೊರೆಯದು. ಈ ಕೊರತೆಯನ್ನು ತುಂಬಲು ಹೊರಟ ನನಗೆ, ನನ್ನ ತಂಗಿಯ ಮಗನು ಬೆಂಗಳೂರಿನ ಒಂದು ಮಳಿಗೆಯಿಂದ ತಂದ ಒಂದು ಹಾಳೆಯ ಕೊಟೇಶನ್ನೇ ಮೂಲಪ್ರತಿ. ಅದೇ ಗಾಡಿಗೆ ಅದೇ ಬೀದಿಯ ಇತರ ಮಳಿಗೆಗಳಲ್ಲಿ ಪಾಠಾಂತರಗಳು ಹೇರಳವಾಗಿವೆ. ವಿಸ್ತರಭಯದಿಂದ ನಾಲ್ಕೇ ಪ್ರಕರಣಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಸಂಧಿಪ್ರಕರಣ

ಕನ್ನಡದ ಸಂಧಿಗಳು ಲೋಪ, ಆಗಮ, ಆದೇಶವೆಂದು ಮೂರು. ಎರಡು ಸ್ವರಗಳ ನಡುವೆ ಯಕಾರವೋ ವಕಾರವೋ ಬಂದು ನಿಲ್ಲುವಂತೆ, ಬೆಲೆಗೂ ತೆರಿಗೆಗೂ ನಡುವೆ ಟೆಫ್ಲಾನ್ ಕೋಟಿಂಗ್, ಕ್ರ್ಯಾಶ್ ಗಾರ್ಡ್, ಸೀಟ್ ಕವರುಗಳು ಬಂದು ನಿಲ್ಲುವುದು ಆಗಮ. ಯಕಾರವು ಬರುವುದು ಉಚ್ಚಾರಣೆಯ ಸೌಕರ್ಯಕ್ಕಾಗಿ. ಸೀಟ್ ಕವರು ಯಾರ ಸೌಕರ್ಯಕ್ಕಾಗಿ ಬರುವುದೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ಆದೇಶವು ಇದಕ್ಕಿಂತ ಸೂಕ್ಷ್ಮವಾದುದು. ದ್ವಿಚಕ್ರ ವಾಹನವನ್ನು ಕೊಳ್ಳುವ ವೇಳೆಯಲ್ಲಿ ತಯಾರಕನು ಐಎಸ್‌ಐ ಗುಣಮಟ್ಟದ ಹೆಲ್ಮೆಟ್ಟನ್ನು ‘ಕೊಡತಕ್ಕದ್ದು’ ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 138ನೆಯ ನಿಯಮವು ವಿಧಿಸಿದರೆ, ಅದೇ ಹೆಲ್ಮೆಟ್ಟನ್ನು ಗಿರಾಕಿಯು ‘ಕೊಳ್ಳತಕ್ಕದ್ದು’ ಎಂದು ಹಾಳೆಯು ವಿಧಿಸುವುದು. ಡಕಾರಕ್ಕೆ ಳ್ಳಕಾರವು ಆದೇಶವಾಗುವ ಈ ರೂಪವು ಪ್ರಾಚೀನ ವೈಯಾಕರಣರಿಗೆ ತಿಳಿದಿರಲಿಲ್ಲ. ಹಿಂಚಕ್ರದ ಅರ್ಧಕ್ಕೆ ಕಡಮೆಯಿಲ್ಲದಂತೆ ಮುಚ್ಚುವ ರಕ್ಷೆಯು ಗಾಡಿಯ ರಚನೆಯಲ್ಲಿಯೇ ಇರಬೇಕೆಂದು 123ನೆಯ ನಿಯಮವು ಹೇಳುವಲ್ಲಿ, ಅದು ಸ್ಯಾರಿ ಗಾರ್ಡ್ ಎಂಬ ಹೆಸರಿನಿಂದ ಆ್ಯಕ್ಸೆಸರಿಯಾಗಿ ಅವತರಿಸುವುದೂ ಆದೇಶವೇ. ನೋಂದಣಿ ಶುಲ್ಕವಾದ 300 ರೂಪಾಯಿಯು, ಆಜೀವ ತೆರಿಗೆಯನ್ನು ಬೇರೆಯಾಗಿ ತೋರಿಸಿದ ಮೇಲೆಯೂ, ‘ಆರ್‌ಟಿಒ ಖರ್ಚು’ ಎಂಬ ಸಾಲಿನಲ್ಲಿ ಸಾವಿರಗಳಾಗಿ ವೃದ್ಧಿ ಹೊಂದುವುದಂತೂ ಸಂಸ್ಕೃತದ ವೃದ್ಧಿಸಂಧಿಗೆ ಸೇರತಕ್ಕದ್ದು. ಲೋಪಸಂಧಿಗೆ ಮಾತ್ರ, ಗಿರಾಕಿಗೆ ಅನುಕೂಲವಾದ ಉದಾಹರಣೆಯೊಂದೂ ಮೂಲಪ್ರತಿಯಲ್ಲಿ ಕಾಣಲಿಲ್ಲ.

ಸಮಾಸಪ್ರಕರಣ

ಒಂದಕ್ಕೊಂದು ಹೊಂದದ ಸಂಸ್ಕೃತ ಕನ್ನಡ ಪದಗಳನ್ನು ಕೂಡಿಸಿದರೆ ಅರಿಸಮಾಸವೆಂದು ಪೂರ್ವಸೂರಿಗಳು ನಿಂದಿಸಿರುವರು. ವಿಮೆ, ಎಕ್ಸ್‌ಟೆಂಡೆಡ್ ವಾರಂಟಿ, ರೋಡ್‌ಸೈಡ್ ಅಸಿಸ್ಟೆನ್ಸುಗಳನ್ನು ಒಂದೇ ಮೊತ್ತವಾಗಿ ಹೊಸೆಯುವ ‘ಪ್ಯಾಕೇಜ್’ ಇದಕ್ಕೆ ಶುದ್ಧ ಲಕ್ಷ್ಯ. ಹೊಸ ದ್ವಿಚಕ್ರಕ್ಕೆ ಐದು ವರ್ಷಗಳ ಥರ್ಡ್ ಪಾರ್ಟಿ ವಿಮೆಯು 2018ರ ಸೆಪ್ಟೆಂಬರಿನಿಂದ ಕಡ್ಡಾಯವೆಂಬುದು ನಿಜ. ಆದರೆ ಅದನ್ನು ಯಾವ ಕಂಪನಿಯಿಂದ ಕೊಳ್ಳಬೇಕೆಂಬುದು ಕೊಳ್ಳುವವನ ಇಚ್ಛೆ. ಈ ವಿಗ್ರಹವಾಕ್ಯವನ್ನು ನನ್ನ ಸೋದರಳಿಯನು ಮಂಡಿಸಿದಾಗ, “ನಮ್ಮಲ್ಲೇ ಮಾಡಿಸಿದ್ರೆ ಡೆಲಿವರಿ ಬೇಗ ಆಗುತ್ತೆ ಸರ್” ಎಂಬ ಉತ್ತರವು ಬಂದಿತು. ಸಮಾಸವನ್ನು ಬಿಡಿಸಿದರೆ ಗಾಡಿಯು ಬಾರದೆಂದು ಇದರ ಧ್ವನಿ.

ಆಖ್ಯಾತಪ್ರಕರಣ

ಕ್ರಿಯಾಪದಗಳ ವೈಭವವನ್ನು ಕಾಣಬೇಕಾದರೆ ಮಳಿಗೆಯ ಮುಂಭಾಗವನ್ನು ಬಿಟ್ಟು ಹಿಂಭಾಗದ ಸರ್ವೀಸ್ ಸೆಂಟರಿಗೆ ಹೋಗಬೇಕು. ಜಾಬ್ ಕಾರ್ಡಿನ ಭಾಷೆಯು ಸಂಪೂರ್ಣವಾಗಿ ಕರ್ಮಣಿಪ್ರಯೋಗ: ಚೈನು ಬಿಗಿಮಾಡಲ್ಪಟ್ಟಿತು, ಬ್ರೇಕು ಪರೀಕ್ಷಿಸಲ್ಪಟ್ಟಿತು. ಕರ್ತೃವು ಎಲ್ಲಿಯೂ ಇಲ್ಲ. ಮನೆಗೆ ಬರುವ ದಾರಿಯಲ್ಲಿ ಬ್ರೇಕಿನ ಕಿರುಚಾಟವನ್ನು ಕೇಳಿದರೆ, ಕ್ರಿಯೆಯೂ ಇರಲಿಲ್ಲವೆಂದು ತಿಳಿಯುವುದು. “ಐದು ಗಂಟೆಗೆ ರೆಡಿ ಆಗುತ್ತೆ” ಎಂಬುದು ವರ್ತಮಾನಕ್ಕೂ ಭವಿಷ್ಯತ್ತಿಗೂ ಸಮನಾಗಿ ಸಲ್ಲುವ ರೂಪವಾದುದರಿಂದ, ಏಳು ಗಂಟೆಗೆ ಕೇಳಿದರೂ ಅದು ಸುಳ್ಳಾಗದು. ಬಿಡಿಭಾಗಗಳಿಗೆ ಮಾತ್ರ ‘ಬಂದೀತು’ ಎಂಬ ಸಂಭಾವನಾರ್ಥಕವೊಂದೇ ವಿಹಿತ. ಇನ್ನು ಮೊದಲ ಕೆಲವು ಸರ್ವೀಸುಗಳು ‘ಉಚಿತ’ವೆಂಬ ಮಾತು: ಕೂಲಿಯನ್ನಷ್ಟೇ ಬಿಟ್ಟು ಎಂಜಿನ್ ಆಯಿಲ್, ಫಿಲ್ಟರುಗಳಿಗೆ ಹಣವೆಣಿಸಿಕೊಂಡಾಗ ಜನರು ವೃಥಾ ಕೋಪಗೊಳ್ಳುತ್ತಾರೆ. ಉಚಿತವೆಂದರೆ ಸಂಸ್ಕೃತದಲ್ಲಿ ತಕ್ಕದ್ದು, ಯೋಗ್ಯವಾದುದು ಎಂದಲ್ಲದೆ ಬಿಟ್ಟಿಯೆಂಬ ಅರ್ಥವಿಲ್ಲ. ನಾಡೆಲ್ಲವೂ ಮರೆತಿರುವ ಈ ಮೂಲಾರ್ಥವನ್ನು ಕಾಪಾಡಿಕೊಂಡು ಬಂದಿರುವ ಪಂಡಿತರು ಸರ್ವೀಸ್ ಸೆಂಟರಿನವರೊಬ್ಬರೇ.

ಅವ್ಯಯಪ್ರಕರಣ

ಲಿಂಗ ವಚನ ವಿಭಕ್ತಿಗಳಿಂದ ವಿಕಾರ ಹೊಂದದುದು ಅವ್ಯಯ. ಗಂಡಸು ಕೊಳ್ಳಲಿ ಹೆಂಗಸು ಕೊಳ್ಳಲಿ, ಒಂದನ್ನು ಕೊಳ್ಳಲಿ ಎರಡನ್ನು ಕೊಳ್ಳಲಿ, ಗಾಡಿಗೆ 1,500 ರೂಪಾಯಿಯಂತೆ ಅಚಲವಾಗಿ ನಿಂತಿದ್ದ ‘ಹ್ಯಾಂಡ್ಲಿಂಗ್ ಚಾರ್ಜ್’ ಅಂತಹದು. ತೆಗೆದುಕೊಳ್ಳುವವನಿಗೆ ಯಾವ ವ್ಯಯವೂ ಇಲ್ಲದುದರಿಂದಲೂ ಅದು ಅವ್ಯಯವೇ. ಯಾರು ಏನನ್ನು ಹ್ಯಾಂಡಲ್ ಮಾಡಿದರೆಂದು ವಿಚಾರಿಸಲಾಗಿ, ಗೋದಾಮಿನಿಂದ ಮಳಿಗೆಗೆ ಗಾಡಿಯನ್ನು ತಂದ ಬಾಬ್ತು ಎಂದು ತಿಳಿದುಬಂದಿತು. ಮಾರುವ ಸರಕನ್ನು ಅಂಗಡಿಗೆ ತಂದುದಕ್ಕೆ ಬೆಲೆಯಲ್ಲದೆ ಬೇರೆ ಹಣವನ್ನು ನಮ್ಮ ಬೀದಿಯ ಸೌತೆಕಾಯಿಯವಳೂ ಕೇಳಿದವಳಲ್ಲ.

“ಅದನ್ನು ಬಿಲ್ಲಿನಲ್ಲಿ ಜಿಎಸ್‌ಟಿ ಸಹಿತ ಬರೆದುಕೊಡಿ” ಎಂದು ಹುಡುಗನು ವಿನಯದಿಂದ ಕೇಳಿದನು. ಮ್ಯಾನೇಜರು ಒಂದು ಕ್ಷಣ ಅವನ ಮುಖವನ್ನು ನೋಡಿ, ಪೆನ್ನಿನಿಂದ ಆ ಸಾಲನ್ನು ಹೊಡೆದುಹಾಕಿದರು. ಅವ್ಯಯಕ್ಕೆ ವಿಕಾರವಿಲ್ಲದಿದ್ದರೂ ಲೋಪವುಂಟೆಂಬ, ಬರೆಯಹೊರಟರೆ ಅಳಿಯುವ ಪದವೊಂದುಂಟೆಂಬ ಸೂತ್ರವು ಹೀಗೆ ಲಭ್ಯವಾಯಿತು.

ಹಾರ ಹಾಕಿ, ನಿಂಬೆಹಣ್ಣನ್ನು ತುಳಿಸಿ, ಗಾಡಿಯನ್ನು ಹೊರಡಿಸಿದೆವು. ಮುನ್ನೂರು ಗಜ ಹೋಗುವಷ್ಟರಲ್ಲಿ ಅದು ನಿಂತಿತು. ಟ್ಯಾಂಕಿನಲ್ಲಿ ಪೆಟ್ರೋಲಿನ ಲೋಪವಾಗಿದ್ದಿತು. ಸೋದರಳಿಯನು ಮುಂದೆ ಹ್ಯಾಂಡಲ್ ಹಿಡಿದು, ನಾನು ಹಿಂದಿನಿಂದ ನೂಕುತ್ತ, ಬಂಕಿನತ್ತ ನಡೆಯುವಾಗ ಎರಡು ಪದಗಳ ವಾಚ್ಯಾರ್ಥವು ನನಗೆ ಸ್ಫುಟವಾಯಿತು: ಹ್ಯಾಂಡ್ಲಿಂಗ್ ಎಂದರೆ ಇದು, ಆನ್‌ರೋಡ್ ಎಂದರೆ ಇಲ್ಲಿ.