ಒಂದು ನಕ್ಷತ್ರದ ಪುಣ್ಯಾತ್ಮರು

ನಾಲ್ಕು ತಿಂಗಳ ಹಿಂದೆ, ನೆಂಟರು ಬರುವ ಹಿಂದಿನ ಸಂಜೆ, ಉದ್ದಿನಬೇಳೆ ಅರ್ಧ ನುರಿದಿರುವಾಗ ನಮ್ಮ ಗ್ರೈಂಡರ್ ಒಮ್ಮೆ ನಿಟ್ಟುಸಿರು ಬಿಟ್ಟು ನಿಂತಿತು. "ಇದನ್ನ ಆರಿಸಿದ್ದು ಯಾರು?" ಎಂದಳು ಹೆಂಡತಿ. ಉತ್ತರ ಅವಳಿಗೂ ಗೊತ್ತಿತ್ತು. ಎರಡು ವರ್ಷದ ಹಿಂದೆ ಮೊಬೈಲಿನಲ್ಲಿ ಐದೈದು ನಕ್ಷತ್ರ ನೋಡಿ ತರಿಸಿದವನು ನಾನೇ. ಬೆಂಗಳೂರಿನ ಆಕಾಶದಲ್ಲಿ ಅಷ್ಟು ನಕ್ಷತ್ರ ನಾನು ಕಂಡಿರಲಿಲ್ಲ.

ಆ ಹೊಗಳಿಕೆಗಳನ್ನು ಮತ್ತೆ ತೆಗೆದು ಓದಿದೆ. "ಸೂಪರ್." "ಕೊಟ್ಟ ಕಾಸಿಗೆ ಮೋಸವಿಲ್ಲ." "ಇವತ್ತೇ ಬಂತು, ಪ್ಯಾಕಿಂಗ್ ಚೆನ್ನಾಗಿದೆ, ಇನ್ನೂ ಬಳಸಿಲ್ಲ." ಇದಕ್ಕೂ ಐದು ನಕ್ಷತ್ರ! ತೊಟ್ಟಿಲ ಕೂಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೊಟ್ಟ ಹಾಗೆ. ಉಳಿದವರ ಉತ್ಸಾಹದ ಮೂಲವೂ ನನಗೆ ಗೊತ್ತು. ನಮ್ಮ ಡಬ್ಬದೊಳಗೂ ಒಂದು ಚೀಟಿ ಇತ್ತು: ಐದು ನಕ್ಷತ್ರ ಒತ್ತಿ, ಅದರ ಫೋಟೋ ವಾಟ್ಸಾಪ್ ಮಾಡಿದರೆ 100 ರೂಪಾಯಿ ವಾಪಸ್ಸು. ನಾಚಿಕೆ ಬಿಟ್ಟು ಹೇಳುತ್ತೇನೆ, ಒತ್ತಿದ್ದೆ. ನನ್ನ ಮಾತು ನಂಬಿ ಯಾರ ಮನೆಯ ಇಡ್ಲಿ ಕಲ್ಲಾಯಿತೋ! ಇಂಥ ಖೋಟಾ ಹೊಗಳಿಕೆಗೆ ಮೂಗುದಾರ ಹಾಕಲೆಂದೇ ಬಿಐಎಸ್‌ನವರು 2022ರ ನವೆಂಬರಿನಲ್ಲಿ ಐಎಸ್ 19000 ಎಂಬ ಮಾನದಂಡ ಹೊರಡಿಸಿದ್ದರು. ಪಾಲಿಸುವುದು ಬಿಡುವುದು ಕಂಪನಿಗಳ ಇಷ್ಟ ಎಂದೂ ಜೊತೆಗೇ ಹೇಳಿದ್ದರು. ನಮ್ಮ ಚೀಟಿ ಎರಡನೆಯ ಮಾತನ್ನಷ್ಟೇ ಓದಿಕೊಂಡಿತ್ತು.

ಈ ಸಲ ನೇರವಾಗಿ ಪಾತಾಳಕ್ಕಿಳಿದೆ, ಒಂದು ನಕ್ಷತ್ರದವರಿರುವಲ್ಲಿಗೆ. ಅಬ್ಬ, ಏನು ಪಾಂಡಿತ್ಯ! "ಏಳನೇ ತಿಂಗಳಿಗೆ ಬೆಲ್ಟ್ ಹರಿಯಿತು, ಆ ಅಳತೆಯದು ಎಲ್ಲೂ ಸಿಗಲ್ಲ." "ಸ್ವಲ್ಪ ಜಾಸ್ತಿ ಹಾಕಿದರೆ ಹಿಟ್ಟು ಉಕ್ಕಿ ಮೋಟರಿಗೆ ಇಳಿಯುತ್ತೆ." ಅಂಗಡಿಯವನು ಪ್ರಾಣ ಹೋದರೂ ಬಾಯಿ ಬಿಡದ ಸಂಗತಿಗಳು. ಹೊಗಳುವವನಿಗೆ ಒಂದು "ಸೂಪರ್" ಸಾಕು. ಬೈಯುವವನು ತಿಂಗಳು, ಅಳತೆ ಎಲ್ಲ ಕೊಡುತ್ತಾನೆ. ನಿಂದಕರ ಈ ಉಪಕಾರವನ್ನು ಪುರಂದರದಾಸರು 16ನೇ ಶತಮಾನದಲ್ಲೇ ಒಪ್ಪಿಕೊಂಡು ಕೀರ್ತನೆ ಹಾಡಿದ್ದಾರೆ. ಆದರೆ ಹೋಲಿಕೆಗೆ ಅವರು ಆರಿಸಿಕೊಂಡದ್ದು ಹಂದಿಯನ್ನು. ಉಪಕಾರಿಗಳಿಗೆ ಸಿಕ್ಕ ಮರ್ಯಾದೆ ಅಷ್ಟು.

ಪಾತಾಳದಲ್ಲಿ ಎಲ್ಲರೂ ಪಂಡಿತರಲ್ಲ, ನಿಜ. "ನಾವು ಊರಲ್ಲಿಲ್ಲದಾಗ ಪಾರ್ಸಲ್ ತಂದರು" ಎಂದು ಒಬ್ಬರ ಸಿಟ್ಟು. "ನಮ್ಮ ಟೈಲ್ಸಿಗೆ ಮ್ಯಾಚ್ ಆಗಲ್ಲ" ಎಂದು ಇನ್ನೊಬ್ಬರದು. ಹಳಿಯಲೆಂದೇ ಕೂತವರಿಗೆ ಟೈಲ್ಸ್ ಬಿಟ್ಟರೆ ಬೇರೆ ನೆಪ ಸಿಗದಿದ್ದರೆ ಆ ಯಂತ್ರವನ್ನು ಕಣ್ಣುಮುಚ್ಚಿ ಕೊಳ್ಳಬಹುದು.

ಈ ವಿದ್ಯೆ ನಮ್ಮಜ್ಜಿಗೆ ಮೊಬೈಲಿಲ್ಲದೆಯೇ ಬರುತ್ತಿತ್ತು. ಅತ್ತೆಗೆ ಗಂಡು ನೋಡುವಾಗ, ಹುಡುಗನ ಸೋದರಮಾವ, ಶಾನುಭೋಗರು ಎಲ್ಲರೂ "ಅಪ್ಪಟ ಚಿನ್ನ" ಎಂದರಂತೆ. ಅಜ್ಜಿ ಕೇಳಿದ್ದು ಒಂದೇ: "ಆ ಮನೆಯವರ ಮೇಲೆ ಜಗಳ ಕಾದವರು ಯಾರಿದ್ದಾರೆ?" ಪಕ್ಕದ ಮನೆಯಾಕೆ ಇದ್ದಳು, ಬಚ್ಚಲ ನೀರಿನ ವ್ಯಾಜ್ಯ. ಅಜ್ಜಿ ಎಲೆಅಡಿಕೆ ಹಿಡಿದು ಅವಳ ಜಗಲಿಯಲ್ಲೇ ಕೂತರು. ಆಕೆ ಒಂದು ತಾಸು ಶಾಪ ಹಾಕಿದಳು: ಜಿಪುಣರು, ಕಡ ಕೊಟ್ಟ ಸಕ್ಕರೆಯನ್ನು ಅಳೆದು ಕೇಳುತ್ತಾರೆ, ಹುಡುಗನ ಗೊರಕೆ ಬೀದಿಗೆ ಕೇಳುತ್ತೆ, ಅಮ್ಮ ಕರೆದರೆ ಮಾತ್ರ ಓಡಿ ಹೋಗುತ್ತಾನೆ. ಕುಡಿತ, ಇಸ್ಪೀಟು, ಸಾಲ ಎಂಬ ಮಾತು ಅಷ್ಟು ಸಿಟ್ಟಿನಲ್ಲೂ ಅವಳ ಬಾಯಿಂದ ಬರಲಿಲ್ಲ. ಅಜ್ಜಿ ಮನೆಗೆ ಬಂದು, "ಲಗ್ನಪತ್ರಿಕೆ ಬರೆಸಿ" ಎಂದರು. ಮಾವನ ಗೊರಕೆ ಮಾತ್ರ ಬೀದಿಗೆ ನಿಜವಾಗಿಯೂ ಕೇಳುತ್ತಿತ್ತು.

ಹೋಟೆಲಿಗೂ ಇದೇ ಲೆಕ್ಕ. "ಕೂರೋಕೆ ಜಾಗವಿಲ್ಲ, ಕ್ಯಾಷಿಯರ್ ಮುಖ ಗಂಟು, ಹತ್ತು ಗಂಟೆಗೇ ಹಿಟ್ಟು ಖಾಲಿ" ಎಂದು ಯಾರಾದರೂ ಒಂದು ನಕ್ಷತ್ರ ಕೊಟ್ಟರೆ ನಾನು ಒಂಬತ್ತಕ್ಕೇ ಚಪ್ಪಲಿ ಮೆಟ್ಟುತ್ತೇನೆ.

ಕೊನೆಗೆ ಒಪ್ಪಿದ್ದು ಕೊಯಮತ್ತೂರಿನ ಒಂದು ಗ್ರೈಂಡರನ್ನು. ಮೈಸೂರು ಮಲ್ಲಿಗೆಗಿರುವ ಹಾಗೆ ಕೊಯಮತ್ತೂರು ಗ್ರೈಂಡರಿಗೂ ಜಿಐ ಟ್ಯಾಗ್ ಇದೆ. ತೂಕದಲ್ಲಿ ಹೋಲಿಕೆ ಬೇಡ. ಅದರ ಮೇಲಿದ್ದ ದೂರುಗಳು ಎರಡೇ: ವಿಪರೀತ ಭಾರ, ವಿಪರೀತ ನಿಧಾನ. ನಮ್ಮ ಗ್ರೈಂಡರ್ ತೀರ್ಥಯಾತ್ರೆಗೆ ಹೋಗುವುದಿಲ್ಲ. ಕಲ್ಲು ನಿಧಾನವಾಗಿ ತಿರುಗಿದರೆ ಹಿಟ್ಟು ಬಿಸಿಯಾಗುವುದಿಲ್ಲ, ಉದ್ದು ಹೂವಿನಂತೆ ಉಬ್ಬುತ್ತದೆ. ತರಿಸಿದೆ.

ಮೊನ್ನೆ ನಾನೂ ಬರೆದೆ, ಈ ಸಲ ಚೀಟಿಯ ಹಂಗಿಲ್ಲದೆ: ಮೂರು ನಕ್ಷತ್ರ. "ಇಡ್ಲಿ ಮೆತ್ತಗೆ ಬರುತ್ತೆ. ತೊಳೆಯುವಾಗ ರುಬ್ಬುವ ಕಲ್ಲು ಕೈಜಾರಿ ಕಾಲ ಹೆಬ್ಬೆರಳ ಮೇಲೆ ಬಿದ್ದರೆ ಎಂಟು ದಿನ ಚಪ್ಪಲಿ ಮೆಟ್ಟಲಾಗದು." ಇಲ್ಲಿಯವರೆಗೆ 17 ಮಂದಿ ಇದನ್ನು ಉಪಯುಕ್ತವೆಂದು ಒತ್ತಿದ್ದಾರೆ.